ಗುಟ್ಟಿನ ಮತ, ಗಟ್ಟಿಯಾದ ಪ್ರಶ್ನೆ

(ವಾಮದಪದವಿನಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಬೀಡಿಯ ಸೂಪು ಬದಿಗಿಟ್ಟು, ದನಕ್ಕೆ ಹುಲ್ಲು ಹಾಕಿ, ಮಕ್ಕಳನ್ನು ಯಾರಿಗೋ ಒಪ್ಪಿಸಿ ಬಂದಿದ್ದೀರಿ. ನಿಮ್ಮ ಸಮಯಕ್ಕೆ ಬೆಲೆಯಿದೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಇಲ್ಲಿಗೆ ಬರುವಾಗ ಒಬ್ಬರು ಕೇಳಿದರು: "ನೀವು ವರದಕ್ಷಿಣೆ, ಹೊಡೆತ ಬಡಿತದ ಬಗ್ಗೆ ಮಾತಾಡುವವರಲ್ಲವೇ? ಓಟಿನ ಸಂಗತಿ ನಿಮಗೆ ಯಾಕೆ?" ಮನೆಯೊಳಗಿನ ಪೆಟ್ಟಿಗೂ ವಿಧಾನಸಭೆಗೂ ಸಂಬಂಧವಿಲ್ಲ ಎಂದು ನಮಗೆ ಬಹಳ ಕಾಲದಿಂದ ಹೇಳಿಕೊಟ್ಟಿದ್ದಾರೆ. ಆ ಸಂಬಂಧ ಎಲ್ಲಿದೆ ಎಂದು ಈ ಹೊತ್ತು ಹುಡುಕೋಣ.

ಮೊದಲು ಮತದಾರರ ಪಟ್ಟಿಯಿಂದ ಶುರುಮಾಡುತ್ತೇನೆ. ವಾಮದಪದವಿನ ಸುತ್ತ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯ ಊರುಗಳಿವೆ. ಇಲ್ಲಿ ಹೆಣ್ಣು ಕೊಡುವುದು, ತರುವುದು ಈ ಮೂರರೊಳಗೇ ಹೆಚ್ಚು. ಮದುವೆಯಾದ ಕೂಡಲೇ ತವರಿನ ಪಟ್ಟಿಯಿಂದ ಅವಳ ಹೆಸರು ತೆಗೆಸುವವರಿದ್ದಾರೆ. ಗಂಡನ ಮನೆಯಲ್ಲಿ ಸೇರಿಸುವುದಕ್ಕೆ ಮಾತ್ರ ಯಾರಿಗೂ ಅವಸರವಿಲ್ಲ. ನನ್ನಲ್ಲಿಗೆ ಬಂದ ಒಬ್ಬ ತಂಗಿಯ ಕಥೆ ಹೀಗೆಯೇ ಇತ್ತು. ಆರು ವರ್ಷ ಗಂಡನ ಮನೆಯಲ್ಲಿ ದುಡಿದಿದ್ದಳು. ತವರಿನಿಂದ ಇನ್ನಷ್ಟು ಹಣ ತಾ ಎಂದು ಹೊಡೆದು ಹೊರಗೆ ಹಾಕಿದರು. "ನೀನು ಆ ಮನೆಯಲ್ಲಿ ವಾಸವಿದ್ದುದಕ್ಕೆ ಏನು ದಾಖಲೆ?" ಎಂದಾಗ ಅವಳ ಕೈ ಖಾಲಿ. ಪಡಿತರ ಚೀಟಿಯಲ್ಲಿ ಹೆಸರಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ನೆರೆಮನೆಯವರು ಸಾಕ್ಷಿ ಹೇಳಲು ಹೆದರಿದರು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಮನೆ ಯಾರ ಹೆಸರಿನಲ್ಲೇ ಇರಲಿ, ಗಂಡನ ಜೊತೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗೆ ಇದೆ ಎಂದು ಆ ಕಾಯಿದೆ ಹೇಳುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಆದರೆ ಆ ವಿಳಾಸದ ಗುರುತಿನ ಚೀಟಿ ಇದ್ದರೆ ಹಾದಿ ಸುಲಭ. ಮತದಾರರ ಚೀಟಿ ಚುನಾವಣೆಯ ದಿನಕ್ಕೆ ಮಾತ್ರ ಎಂದು ತಿಳಿಯಬೇಡಿ. ಮದುವೆಯಾಗಿ ಬಂದವರು ವಿಳಾಸ ಬದಲಾವಣೆಗೆ 8ನೇ ನಮೂನೆ ಕೊಡಬೇಕು. ಹೊಸದಾಗಿ ಸೇರುವವರು 6ನೇ ನಮೂನೆ. ಮತಗಟ್ಟೆ ಮಟ್ಟದ ಅಧಿಕಾರಿಯಲ್ಲಿ ಕೇಳಿ, ಅಥವಾ 1950ಕ್ಕೆ ಫೋನ್ ಮಾಡಿ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕದ ಜೊತೆಗೆ ಪ್ರತಿಯೊಬ್ಬಳೂ ತನ್ನ ಗುರುತಿನ ಚೀಟಿ ತರಲಿ. ಯಾರ ಬಳಿ ಇಲ್ಲ ಎಂದು ಗುಂಪಿಗೆ ಗೊತ್ತಾಗಲಿ.

ಎರಡನೆಯದು, ಮತದ ಗುಟ್ಟು. "ನಮ್ಮ ಮನೆಯ ಓಟು ಇಂಥವರಿಗೆ" ಎಂದು ಯಜಮಾನ ಮಾತು ಕೊಟ್ಟುಬಿಡುತ್ತಾನೆ. ಮನೆಯಲ್ಲಿ ಐದು ಜನ ಇದ್ದರೆ ಐದೂ ಓಟು ಅವನದೇ! "ನೀನು ಬೇರೆಯವರಿಗೆ ಹಾಕಿದರೆ ನನಗೆ ಗೊತ್ತಾಗುತ್ತದೆ" ಎಂಬ ಬೆದರಿಕೆಗೆ ಹೆದರಿ ಕೈ ನಡುಗಿಸಿಕೊಂಡು ಗುಂಡಿ ಒತ್ತಿದವರು ಈ ಸಭೆಯಲ್ಲೂ ಇರಬಹುದು. ಗೊತ್ತಾಗುವುದಿಲ್ಲ, ತಂಗಿ. ನೀವು ಗುಂಡಿ ಒತ್ತಿದಾಗ ಪಕ್ಕದ ಯಂತ್ರದ ಗಾಜಿನೊಳಗೆ ಒಂದು ಚೀಟಿ ಏಳು ಸೆಕೆಂಡು ಕಾಣುತ್ತದೆ, ನಿಮಗೆ ಮಾತ್ರ. ಆಮೇಲೆ ಅದು ಪೆಟ್ಟಿಗೆಗೆ ಬೀಳುತ್ತದೆ. ಯಾರ ಕೈಗೂ ಸಿಗುವುದಿಲ್ಲ. ಒಂದು ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಒಟ್ಟು ಎಷ್ಟು ಮತ ಬಿತ್ತು ಎಂದು ಆಮೇಲೆ ತಿಳಿಯುತ್ತದೆ, ನಿಜ. ಆದರೆ ಯಾವುದು ನಿಮ್ಮದು ಎಂದು ಅದರಲ್ಲಿ ಬರೆದಿರುವುದಿಲ್ಲ. ಹೊರಗೆ ಬಂದ ಮೇಲೆ ಯಾರಾದರೂ ಕೇಳಿದರೆ ಉತ್ತರ ಕೊಡಲೇಬೇಕೆಂಬ ನಿಯಮವಿಲ್ಲ. ಕೇಳಿದವನು ಕೈ ಎತ್ತುವವನಾದರೆ, ನಿಮ್ಮ ಮೈ ಉಳಿಸಿಕೊಳ್ಳಲು ಅವನಿಗೆ ಬೇಕಾದ ಉತ್ತರವನ್ನೇ ಕೊಡಿ. ಅದರಲ್ಲಿ ಪಾಪವಿಲ್ಲ.

ಇನ್ನು 2023ರ ಚುನಾವಣೆಯ ಕಡೆಗೆ ನೋಡೋಣ. ಮೇ 10ರಂದು ಮತದಾನವಾಯಿತು, 13ರಂದು ಎಣಿಕೆ. 224 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜನತಾದಳ (ಜಾತ್ಯತೀತ)ಕ್ಕೆ 19. ನಮ್ಮ ದಕ್ಷಿಣ ಕನ್ನಡದ ಎಂಟರಲ್ಲಿ ಆರು ಬಿಜೆಪಿಗೆ, ಎರಡು ಕಾಂಗ್ರೆಸ್‌ಗೆ. ರಾಜ್ಯದ ಗಾಳಿಯೇ ಒಂದು, ನಮ್ಮ ಜಿಲ್ಲೆಯ ಗಾಳಿಯೇ ಒಂದು ಎಂದು ಪತ್ರಿಕೆಗಳು ಬರೆದವು. ನಮ್ಮ ಗುಂಪುಗಳಲ್ಲಿ ಎಲ್ಲ ಪಕ್ಷದವರೂ ಇದ್ದೀರಿ, ಇರಲಿ. ನಾನು ಬೇರೊಂದು ಲೆಕ್ಕ ಹೇಳುತ್ತೇನೆ.

ಆ 224 ಮಂದಿಯಲ್ಲಿ ಹೆಂಗಸರು ಹತ್ತೇ ಜನ. ನಮ್ಮ ಜಿಲ್ಲೆಯ ಪಟ್ಟಿಯಲ್ಲಿ ಗಂಡಸರಿಗಿಂತ ಹೆಂಗಸರ ಹೆಸರೇ ಹೆಚ್ಚು. ಆದರೂ ಗೆದ್ದ ಎಂಟು ಮಂದಿಯಲ್ಲಿ ಹೆಂಗಸು ಒಬ್ಬರೇ, ಸುಳ್ಯದ ಭಾಗೀರಥಿ ಮುರುಳ್ಯ. ಬಿಜೆಪಿ ಎಂಟರಲ್ಲಿ ಇಬ್ಬರು ಮಹಿಳೆಯರಿಗೆ ಟಿಕೆಟ್ ಕೊಟ್ಟಿತು, ಸುಳ್ಯದಲ್ಲಿ ಮತ್ತು ಪುತ್ತೂರಿನಲ್ಲಿ. ಕಾಂಗ್ರೆಸ್ ಜಿಲ್ಲೆಯಲ್ಲಿ ಒಬ್ಬರಿಗೂ ಕೊಡಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರರಲ್ಲೂ ಈ ಎರಡು ಪಕ್ಷಗಳ ಅಭ್ಯರ್ಥಿಗಳು ಗಂಡಸರೇ. "ಹೆಂಗಸು ಗೆಲ್ಲುವುದಿಲ್ಲ" ಎಂಬ ಕಾರಣ ಹೇಳುತ್ತಾರೆ. ಹಾಗಾದರೆ ಪುತ್ತೂರು 2004ರಲ್ಲಿ ಶಕುಂತಳಾ ಶೆಟ್ಟಿಯವರನ್ನು, 2008ರಲ್ಲಿ ಮಲ್ಲಿಕಾ ಪ್ರಸಾದರನ್ನು, 2013ರಲ್ಲಿ ಮತ್ತೆ ಶಕುಂತಳಾ ಶೆಟ್ಟಿಯವರನ್ನು ಗೆಲ್ಲಿಸಿದ್ದು ಹೇಗೆ? ಗೆಲ್ಲದಿರುವುದಕ್ಕಿಂತ ಟಿಕೆಟ್ ಸಿಗದಿರುವುದೇ ದೊಡ್ಡ ತಡೆ.

ಪಂಚಾಯತಿಯಲ್ಲಿ ಹೆಂಗಸರು ಹೇಗೆ ಬಂದರು? ಕರ್ನಾಟಕದಲ್ಲಿ 1983ರ ಕಾಯಿದೆಯಂತೆ 1987ರ ಚುನಾವಣೆಯಲ್ಲಿ ನಾಲ್ಕರಲ್ಲೊಂದು ಪಾಲು ಬಂತು, 1993ರ ಕಾಯಿದೆಯಲ್ಲಿ ಮೂರರಲ್ಲೊಂದು, 2010ರಲ್ಲಿ ಅರ್ಧ. "ಇವಳು ಗಂಡನ ರಬ್ಬರ್ ಸ್ಟಾಂಪು" ಎಂದು ನಕ್ಕವರ ಮುಂದೆಯೇ ಎಷ್ಟೋ ಜನ ಕೆಲಸ ಕಲಿತರು. ವಿಧಾನಸಭೆಗೂ ಲೋಕಸಭೆಗೂ ಮೂರರಲ್ಲೊಂದು ಪಾಲು ಎಂಬ ತಿದ್ದುಪಡಿ 2023ರ ಸೆಪ್ಟೆಂಬರಿನಲ್ಲಿ ಪಾಸಾಯಿತು. ಆದರೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಎಂಬ ಷರತ್ತನ್ನು ಅದರೊಳಗೇ ಬರೆದರು.

ಒಂದು ಓಟಿನಿಂದ ಏನಾಗುತ್ತದೆ ಎನ್ನುತ್ತೀರಾ? 2004ರಲ್ಲಿ ಸಂತೆಮರಹಳ್ಳಿಯಲ್ಲಿ ಸೋಲು ಗೆಲುವಿನ ಅಂತರ ಒಂದೇ ಮತ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಸೌಮ್ಯಾ ರೆಡ್ಡಿಯವರು ಸೋತದ್ದು 16 ಮತಗಳಿಂದ. ನಮ್ಮ ಒಂದು ಗುಂಪಿನ ಸದಸ್ಯೆಯರಷ್ಟೇ ಮತ! ನಮ್ಮ ಬಂಟ್ವಾಳದಲ್ಲೂ ಅಂತರ ಸುಮಾರು ಎಂಟು ಸಾವಿರ. ತಾಲೂಕಿನಲ್ಲಿ ಎಷ್ಟು ಸ್ವಸಹಾಯ ಗುಂಪುಗಳಿವೆ, ನೀವೇ ಲೆಕ್ಕ ಹಾಕಿ.

ಇಷ್ಟು ಬಲ ಇದ್ದೂ ನಮ್ಮ ಪ್ರಶ್ನೆ ಯಾಕೆ ಪ್ರಚಾರದ ಜೀಪಿನಲ್ಲಿ ಕೇಳಿಸುವುದಿಲ್ಲ? ರಸ್ತೆ, ಧರ್ಮ, ಜಾತಿ, ಸೇತುವೆ ಎಲ್ಲ ಕೇಳಿಸುತ್ತದೆ. "ನಮ್ಮದು ಅಳಿಯಕಟ್ಟಿನ ನಾಡು, ಇಲ್ಲಿ ವರದಕ್ಷಿಣೆ ಇಲ್ಲ" ಎಂದು ವೇದಿಕೆಯಲ್ಲಿ ಹೆಮ್ಮೆಪಡುತ್ತಾರೆ. ಹಾಗಾದರೆ ಮಗಳ ಮದುವೆ ಹತ್ತಿರ ಬಂದಾಗ ನಮ್ಮ ಗುಂಪುಗಳಲ್ಲಿ ಎತ್ತುವ ಸಾಲ ಎಲ್ಲಿಗೆ ಹೋಗುತ್ತದೆ? ವಾರವಾರ ಬೀಡಿಯ ಮಜೂರಿಯಲ್ಲಿ ಉಳಿಸಿದ್ದು ಪವನಿನ ಲೆಕ್ಕದಲ್ಲಿ, ಹಾಲಿನ ಬಾಡಿಗೆಯಲ್ಲಿ ಕರಗುತ್ತದೆ. ಕಂತು ಕಟ್ಟುವವಳು ತಾಯಿ, ಪೆಟ್ಟು ತಿನ್ನುವವಳು ಮಗಳು. 1961ರ ಕಾಯಿದೆಯಲ್ಲಿ ವರದಕ್ಷಿಣೆ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಹೆಸರು "ಉಡುಗೊರೆ" ಎಂದು ಬದಲಾದರೆ ವಿಷ ಅಮೃತವಾಗುತ್ತದೆಯೇ?

ಆದ್ದರಿಂದ ಕೈಮುಗಿದು ಅಂಗಳಕ್ಕೆ ಬಂದವರಲ್ಲಿ, ಅವರು ಯಾವ ಪಕ್ಷದವರೇ ಆಗಲಿ, ನಾಲ್ಕು ಪ್ರಶ್ನೆ ಕೇಳೋಣ.

ಒಂದು: ದೌರ್ಜನ್ಯ ಕಾಯಿದೆಯ ರಕ್ಷಣಾಧಿಕಾರಿಯ ಹೊಣೆ ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮೇಲಿದೆ. ಅಂಗನವಾಡಿಗಳ ಕೆಲಸದ ನಡುವೆ ಅವರು ಹೊಡೆಸಿಕೊಂಡವಳ ಮನೆಗೆ ಯಾವಾಗ ಬರಬೇಕು? ಈ ಕೆಲಸಕ್ಕೇ ಪ್ರತ್ಯೇಕ ಅಧಿಕಾರಿ ಬೇಕೆಂದು ಸದನದಲ್ಲಿ ಪ್ರಶ್ನೆ ಕೇಳುತ್ತೀರಾ?

ಎರಡು: ರಾತ್ರಿ ಹೊರಗೆ ಹಾಕಿದರೆ ಮಕ್ಕಳನ್ನು ಕರೆದುಕೊಂಡು ನಾವು ಎಲ್ಲಿಗೆ ಹೋಗಬೇಕು? ತಾಲೂಕಿನಲ್ಲೇ ತಂಗಲು ಜಾಗ ಬೇಡವೇ? ಶಾಸಕರ ಕ್ಷೇತ್ರಾಭಿವೃದ್ಧಿಗೆ ವರ್ಷಕ್ಕೆ ಎರಡು ಕೋಟಿ ರೂಪಾಯಿಯ ನಿಧಿ ಇದೆ.

ಮೂರು: ಠಾಣೆಗೆ, ಕೋರ್ಟಿಗೆ ಹೋಗಲು ಬಸ್ಸು ಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ಆದರೆ ಅದು ಸರಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸೇ ಹೆಚ್ಚಿರುವ ನಮ್ಮ ಕರಾವಳಿಯ ಒಳಊರಿನವಳಿಗೆ ಅದು ತಲುಪುವುದು ಹೇಗೆ?

ನಾಲ್ಕು: ನಿಮ್ಮ ಮನೆಯ ಮದುವೆಗೆ ಎಷ್ಟು ತೆಗೆದುಕೊಂಡಿರಿ, ಎಷ್ಟು ಕೊಟ್ಟಿರಿ? ಈ ಪ್ರಶ್ನೆಗೆ ಮುಖ ಕೆಂಪಾದರೆ ಆಗಲಿ.

ಅಭ್ಯರ್ಥಿ ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡಬೇಕು. ತನ್ನ ಮೇಲಿರುವ ಕ್ರಿಮಿನಲ್ ಪ್ರಕರಣಗಳು, ಆಸ್ತಿ, ಸಾಲ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಅದನ್ನು ಯಾರೂ ನೋಡಬಹುದು. ಹೆಂಡತಿಯ ಮೇಲಿನ ಕ್ರೌರ್ಯದ ಕೇಸು ಇದ್ದರೆ ಅದೂ ಅಲ್ಲಿ ಇರಬೇಕು. ಹಿಂದೆ ಅದು 498ಎ ಎಂದಿತ್ತು, 2024ರ ಜುಲೈ 1ರ ನಂತರದ ಕೇಸಾದರೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಕಾಲೇಜಿಗೆ ಹೋಗುವ ನಿಮ್ಮ ಮಗಳಿಗೆ ಹೇಳಿ, ಫೋನಿನಲ್ಲಿ ತೆಗೆದು ಗುಂಪಿನಲ್ಲಿ ಓದಿಸಿ. ಕೇಸು ಇದ್ದ ಮಾತ್ರಕ್ಕೆ ಅಪರಾಧಿ ಎಂದಲ್ಲ. ಆದರೆ ಕೇಳುವ ಹಕ್ಕು ನಮಗಿದೆ.

ಸೀರೆ, ಕುಕ್ಕರ್, ನೋಟು ಬಂದರೆ? ಓಟಿಗಾಗಿ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಥೇಟ್ ವರದಕ್ಷಿಣೆಯ ಹಾಗೆ. ಎರಡರಲ್ಲೂ ನಮಗೆ ಬೆಲೆ ಕಟ್ಟುವುದು ಬೇರೆಯವರು.

ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ ಬರಬೇಕು. ಅದಕ್ಕೆ ಕಾಯಬೇಕಿಲ್ಲ. ಗೆದ್ದವರು ಈಗಲೂ ನಮ್ಮ ಶಾಸಕರೇ. ಈ ನಾಲ್ಕು ಪ್ರಶ್ನೆ ಬರೆದು, ಗುಂಪಿನ ನಿರ್ಣಯ ಪುಸ್ತಕದಲ್ಲಿ ದಾಖಲಿಸಿ, ಎಲ್ಲರೂ ಸಹಿ ಹಾಕಿ ಅವರಿಗೆ ಕಳಿಸಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ, ನಾಚಬೇಡಿ.

ಮತ್ತೆ, ಇವತ್ತು ಮನೆಗೆ ಹೋದ ಮೇಲೆ ಯಾರಿಗಾದರೂ ಕಷ್ಟವಾದರೆ ಚುನಾವಣೆಗಾಗಿ ಕಾಯಬೇಡಿ. ಮಹಿಳಾ ಸಹಾಯವಾಣಿ 181, ಪೊಲೀಸರಿಗೆ 112. ಅದಕ್ಕಿಂತ ಮೊದಲು ಪಕ್ಕದ ಮನೆಯ ಸದಸ್ಯೆಯನ್ನು ಕೂಗಿ ಕರೆಯಿರಿ. ಮತ ಗುಟ್ಟಾಗಿರಲಿ. ಪೆಟ್ಟು ಗುಟ್ಟಾಗಿರುವುದು ಬೇಡ.