ಹತ್ತು ನಂಬರ್ ಜಾಳಿ ಅಂದರೆ ಎಷ್ಟು?

ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿನ ದುಧನಿ ಸೊಲ್ಲಾಪುರದಿಂದ ವಾಡಿಗೆ ಹೋಗುವ ರೈಲು ಹಾದಿಯ ಮೇಲಿನ ಊರು. ರಾಶಿ ಮುಗಿದ ಮೇಲೆ ಅಲ್ಲಿನ ಮಾರುಕಟ್ಟೆಗೆ ತೊಗರಿ ಬರತೊಡಗುತ್ತದೆ. ಗಡಿಯಾಚೆಯ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ದಾಲ್ ಮಿಲ್ಲಿನಲ್ಲಿ ಈ ಕಾಳು ಬೇಳೆಯಾಗುವ ತನಕ ಹಲವು ಸಲ ಜರಡಿ ಹಾಯುತ್ತದೆ. ಮೊದಲು ಮಣ್ಣು, ಕಡ್ಡಿ, ಹರಳು ಹೋಗಬೇಕು, ಆಮೇಲೆ ದಪ್ಪ ಕಾಳು ಸಣ್ಣ ಕಾಳು ಬೇರೆಯಾಗಬೇಕು, ಒಡೆದ ಮೇಲೆ ಬೇಳೆ, ನುಚ್ಚು, ಸಿಪ್ಪೆ-ಪುಡಿ ಬೆರೆತ ಚುನ್ನಿ ತಂತಮ್ಮ ದಾರಿ ಹಿಡಿಯಬೇಕು. ಎಣ್ಣೆ ಸವರಿ, ನೀರು ಚಿಮುಕಿಸಿ, ಬಿಸಿಲಿಗೆ ಹರವಿ ಹದ ಮಾಡಿದ ಮಾಲು ಜರಡಿಯ ತಪ್ಪಿಗೆ ಚುನ್ನಿಯ ಚೀಲ ಸೇರಿದರೆ ದನದ ಮೇವಿನ ಬೆಲೆಗೆ ಹೋಗುತ್ತದೆ. ಹೀಗಿದ್ದರೂ ಜರಡಿಗೆ ಸ್ಟೇನ್‌ಲೆಸ್ ಸ್ಟೀಲ್ ಜಾಳಿ ಕೊಳ್ಳುವಾಗ ಸಾಮಾನ್ಯವಾಗಿ ಕೇಳುವುದು ಎರಡೇ: ಎಷ್ಟು ನಂಬರು, ಮತ್ತು ಚುಂಬಕ ಹಿಡಿಯುತ್ತದೋ ಇಲ್ಲವೋ. ಇವೆರಡರ ಉತ್ತರ ನಂಬಿ ದುಡ್ಡು ಕೊಡಬಾರದು ಎಂಬುದು ನನ್ನ ವಾದ.

ನಂಬರಿನಿಂದ ಶುರು ಮಾಡೋಣ. ಹತ್ತು ನಂಬರ್, ಅಂದರೆ ಹತ್ತು ಮೆಶ್, ಎಂದರೆ ಒಂದು ಇಂಚಿನ ಉದ್ದಕ್ಕೆ ಹತ್ತು ಕಿಂಡಿ. ಇಂಚಿಗೆ 25.4 ಮಿಲಿಮೀಟರ್, ಹತ್ತರಿಂದ ಭಾಗಿಸಿದರೆ 2.54. ಇದನ್ನೇ ಕಿಂಡಿಯ ಅಳತೆ ಎಂದುಕೊಂಡರೆ ಕೆಟ್ಟೆವು, ಏಕೆಂದರೆ ಇದರಲ್ಲಿ ತಂತಿಯ ದಪ್ಪವೂ ಸೇರಿದೆ. ತಂತಿ ಅರ್ಧ ಮಿಲಿಮೀಟರ್ ಇದ್ದರೆ ಕಿಂಡಿ 2.04 ಮಿಲಿಮೀಟರ್. ತಂತಿ 0.9 ಇದ್ದರೆ ಕಿಂಡಿ 1.64ಕ್ಕೆ ಇಳಿಯುತ್ತದೆ. ಎರಡೂ ಹತ್ತು ನಂಬರೇ! ಮೊದಲನೆಯದರಲ್ಲಿ ನೂರಕ್ಕೆ ಸುಮಾರು 64 ಪಾಲು ತೆರಪು, ಎರಡನೆಯದರಲ್ಲಿ ಬರೀ 42. ದಪ್ಪ ತಂತಿ ಬಹಳ ದಿನ ಬಾಳುತ್ತದೆ, ಆದರೆ ಗಂಟೆಗೆ ಹಾಯುವ ಮಾಲು ಕಡಿಮೆ. ತೆಳು ತಂತಿ ಬೇಗ ಸೋಸುತ್ತದೆ, ಬೇಗ ಹರಿಯುತ್ತದೆ. ಇನ್ನು ತಂತಿಯನ್ನು ಗೇಜಿನಲ್ಲಿ ಹೇಳಿದರೆ ಗೊಂದಲ ಇಮ್ಮಡಿ, ಗೇಜ್ ಹೆಚ್ಚಿದಷ್ಟೂ ತಂತಿ ತೆಳು. ಅಂಗಡಿಯಲ್ಲಿ ನಡೆಯುವುದು ನಂಬರಿನ ಮಾತೇ ಅಲ್ಲವೇ ಎಂದು ಕೇಳಬಹುದು. ನಡೆಯಲಿ, ಆದರೆ ಚೀಟಿಯ ಮೇಲೆ ಕಿಂಡಿ ಎಷ್ಟು, ತಂತಿ ಎಷ್ಟು ಎಂದು ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ. ಪರೀಕ್ಷಾ ಜರಡಿಗಳ ಭಾರತೀಯ ಮಾನಕ ಐಎಸ್ 460 ಕೂಡ ಜರಡಿಯನ್ನು ಗುರುತಿಸುವುದು ಕಿಂಡಿಯ ಅಳತೆಯಿಂದಲೇ.

ಹಾಗೆಂದು ಎಲ್ಲ ಕೆಲಸಕ್ಕೂ ಹೆಣೆದ ಜಾಳಿಯೇ ಬೇಕೆಂದಿಲ್ಲ. ಚೌಕ ಕಿಂಡಿಯ ಮೂಲೆಯಿಂದ ಮೂಲೆಗೆ ಇರುವ ಅಂತರ ಅದರ ಬದಿಯ ಸುಮಾರು 1.4 ಪಟ್ಟು. ಚಪ್ಪಟೆ ಬೇಳೆ ಆ ಓರೆಯಲ್ಲಿ ನುಸುಳಿಬಿಡುತ್ತದೆ. ಇಡೀ ತೊಗರಿಯನ್ನು ಗಾತ್ರದಂತೆ ವಿಂಗಡಿಸಲು ದುಂಡು ತೂತಿನ ತಗಡು ಒಳ್ಳೆಯದು, ದಪ್ಪ ನೋಡಿ ಬೇರ್ಪಡಿಸಲು ಉದ್ದ ಸೀಳಿನ ತಗಡು. ಹೆಣೆದ ಜಾಳಿಯ ನಿಜವಾದ ಜಾಗ ಪುಡಿಯ ಕಡೆ: ಚುನ್ನಿಯಲ್ಲಿನ ಧೂಳು, ಕಡಲೆಹಿಟ್ಟು, ಸೊಲ್ಲಾಪುರದ ಶೇಂಗಾ ಚಟ್ನಿ. ಅಲ್ಲಿಯೂ ಮಾಲು ದಪ್ಪವಾಗಿ ಸುರಿದರೆ ಮೇಲಿನ ಪದರದ ಹಿಟ್ಟು ಕಿಂಡಿ ಮುಟ್ಟುವ ಮೊದಲೇ ಆಚೆ ಬೀಳುತ್ತದೆ. ಕಿಂಡಿಯಷ್ಟೇ ಗಾತ್ರದ ಚೂರು ಸಿಕ್ಕಿಕೊಂಡು ಜಾಳಿ ಕಟ್ಟುತ್ತದೆ. ಆಗ ಕೋಲಿನಿಂದ ಬಡಿದರೆ ಜಾಳಿ ಜೋತುಬಿದ್ದು ಚೌಕಟ್ಟಿನ ಅಂಚಿನಲ್ಲಿ ಹರಿಯುತ್ತದೆ. ಕೆಳಗೆ ಪುಟಿಯುವ ರಬ್ಬರ್ ಚೆಂಡು ಹಾಕಿ, ಜಾಳಿಯನ್ನು ನಾಲ್ಕೂ ಕಡೆ ಸಮನಾಗಿ ಬಿಗಿಯುವುದೇ ಇದಕ್ಕೆ ಮದ್ದು.

ಇನ್ನು ಚುಂಬಕ. ಹಿಡಿಯದಿದ್ದರೆ ಅಸಲಿ ಎಂಬ ನಂಬಿಕೆ ಗಟ್ಟಿಯಾಗಿದೆ. ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕೆಲ್ ಇರುವ 304 ದರ್ಜೆಯ ಸ್ಟೇನ್‌ಲೆಸ್‌ಗೆ ಚುಂಬಕ ಹಿಡಿಯುವುದಿಲ್ಲ, ನಿಜ. ಆದರೆ ನಿಕ್ಕೆಲ್ ಕಡಿಮೆಯಿರುವ ಅಗ್ಗದ 202ಕ್ಕೂ ಹಿಡಿಯುವುದಿಲ್ಲ. ಮೇಲಾಗಿ 304ನ್ನೇ ತಂತಿಯಾಗಿ ಎಳೆದಾಗ ತುಸು ಸೆಳೆತ ಬರುತ್ತದೆ. ಹೀಗೆ ಈ ಪರೀಕ್ಷೆ ಒಳ್ಳೆಯದನ್ನು ಬೀಳಿಸಿ ಅಗ್ಗದ್ದನ್ನು ಪಾಸು ಮಾಡಬಲ್ಲದು. ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರ ಕೇಳುವುದೇ ವಾಸಿ. ಒಣ ಬೇಳೆಗೆ 304 ಧಾರಾಳವಾಗಿ ಸಾಕು. ಉಪ್ಪು ಬೆರೆತ ಚಟ್ನಿಪುಡಿಯ ಜರಡಿಯನ್ನು ತೊಳೆದು ಹಸಿಯಾಗಿಯೇ ಬಿಡುವ ರೂಢಿಯಿದ್ದರೆ ಉಪ್ಪು ಸಣ್ಣ ಸಣ್ಣ ಗುಳಿ ತೋಡುತ್ತದೆ. ಮಾಲಿಬ್ಡಿನಂ ಬೆರೆತ 316 ಅದನ್ನು ಹೆಚ್ಚು ತಾಳುತ್ತದೆ. ಒರೆಸಿ ಒಣಗಿಸಿದರೆ 316ರ ಖರ್ಚು ಬಹಳ ಮಟ್ಟಿಗೆ ಉಳಿದೀತು. ಕಬ್ಬಿಣದ ಬ್ರಶ್ಶಿನಿಂದ ಮಾತ್ರ ಉಜ್ಜಬೇಡಿ; ಅದರ ಕಣಗಳು ಅಂಟಿ ಜಾಳಿಯ ಮೇಲೆ ತುಕ್ಕು ಏಳುತ್ತದೆ.

ಹಿಂದೆ ಕಬ್ಬಿಣದ ಜಾಳಿಯಲ್ಲೇ ನಡೆದಿತ್ತಲ್ಲ ಎಂಬ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಮಣ್ಣು ಕಡ್ಡಿ ತೆಗೆಯುವ ಮೊದಲ ಜರಡಿಗೆ ಸ್ಟೇನ್‌ಲೆಸ್ ಬೇಕಿಲ್ಲ, ನೀರು ತಾಗಿದ ಮಾಲಿಗೆ ಬೇಕು. ಕಬ್ಬಿಣದ ಪರ ಇನ್ನೊಂದು ಮಾತೂ ಇದೆ. ಕಬ್ಬಿಣದ ತಂತಿ ಮುರಿದು ಬೇಳೆಗೆ ಬಿದ್ದರೆ ಮಿಲ್ಲಿನ ಚುಂಬಕ ಅದನ್ನು ಎತ್ತಿಕೊಳ್ಳುತ್ತದೆ. 304ರ ಚೂರನ್ನು ಎತ್ತುತ್ತದೆಂಬ ಭರವಸೆಯಿಲ್ಲ. ಅದಕ್ಕೇ ಸ್ಟೇನ್‌ಲೆಸ್ ಜಾಳಿ ಹಾಕಿಸಿದವರು ಪಾಳಿ ಬದಲಾದಾಗಲೆಲ್ಲ ದೀಪ ಹಿಡಿದು ಅಂಚಿನ ಎಳೆಗಳನ್ನು ನೋಡಬೇಕು. ಒಂದು ಎಳೆ ಹೋಗಿದ್ದರೂ ಯಂತ್ರ ನಿಲ್ಲಿಸಿ, ಹಿಂದಿನ ತಪಾಸಣೆಯಿಂದೀಚೆಗೆ ತುಂಬಿದ ಚೀಲಗಳನ್ನು ಬೇರೆ ಇಡಬೇಕು.