ಚಿತ್ರಕಲೆಯೂ ನಮ್ಮ ಮಕ್ಕಳ ಪಾಲೇ
(ನಂದಿನಿ ಲೇಔಟ್‌ನ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು ಬಿಟ್ಟು ಇವನು ಚಿತ್ರ ಬರೆಯುವ ವಿಷಯ ತೆಗೆದನೇಕೆ ಎಂದು ನಗಬೇಡಿ. ಇದೂ ಕೂಲಿಯವರ ಪ್ರಶ್ನೆಯೇ.

ಆರು, ಏಳು, ಎಂಟನೆಯ ತರಗತಿಯ ಮಕ್ಕಳಿಗೆ ‘ಪ್ರಾಜೆಕ್ಟ್’ ಮಾಡಿ ತರಲು ಹೇಳುತ್ತಾರೆ. ಥರ್ಮೋಕೋಲು, ಚಾರ್ಟು, ಅಂಗಡಿಯ ಅಚ್ಚಿನ ಚಿತ್ರ. ಪೀಣ್ಯದ ಗಾರ್ಮೆಂಟಿನಲ್ಲಿ ದುಡಿದು ಬಂದ ತಾಯಿ ರಾತ್ರಿ ಕೂತು ಅಂಟಿಸುತ್ತಾಳೆ, ಮಗು ಮಲಗಿರುತ್ತದೆ. ಅಂಕ ಬಂದದ್ದು ಯಾರಿಗೆ? ದುಡ್ಡಿಗೆ. (ಇಲ್ಲಿರುವ ಪುಸ್ತಕದಂಗಡಿಯ ಮಿತ್ರರು ಬೇಸರಿಸಬಾರದು. ಅವರ ಮನೆಯಲ್ಲೂ ಇದೇ ಪಾಡು.)

ಶಿಕ್ಷಣ ಹಕ್ಕು ಕಾಯಿದೆ 2009ರದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಎಂಟರವರೆಗೆ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯಲ್ಲಿ ಕಲೆಗೆ ಅರೆಕಾಲಿಕ ಬೋಧಕರಿರಬೇಕೆಂದು ಅದರ ಅನುಸೂಚಿಯಲ್ಲೇ ಬರೆದಿದೆ. ಇದು ಯಾರ ಕೃಪೆಯೂ ಅಲ್ಲ.

ಬೋಧಕರಿದ್ದರೆ ಸಾಮಾನಿಗೆ ಹಣವೇಕೆ? ಬಟ್ಟೆಯ ಚಿಂದಿ, ರಟ್ಟಿನ ಪೆಟ್ಟಿಗೆ, ಹಳೆಯ ಪತ್ರಿಕೆ, ಮೈದಾ ಅಂಟು, ಜೇಡಿಮಣ್ಣು ಸಾಕು. ಅಪ್ಪ ನಡೆಸುವ ಲೇತನ್ನೋ ಬೀದಿಯ ಸೊಪ್ಪಿನ ಗಾಡಿಯನ್ನೋ ಮಗು ಕಣ್ಣಾರೆ ನೋಡಿ, ಶಾಲೆಯಲ್ಲೇ ಕೂತು ಮಾಡಲಿ. ಗಾಡಿಯ ಚಕ್ರ ಸೊಟ್ಟಗಾದರೆ ಆಗಲಿ. ಏಕೆ ಸೊಟ್ಟಗಾಯಿತೆಂದು ತಾನೇ ಹುಡುಕುವಾಗ ಅಳತೆ, ಕೋನ, ತೂಕ ಎಲ್ಲವೂ ಕೈಗೆ ಹತ್ತುತ್ತವೆ. ಕೈಕೆಲಸವನ್ನೇ ನಡುವಿಟ್ಟು ಪಾಠ ಕಲಿಸಬೇಕೆಂದು ಗಾಂಧೀಜಿ ವಾರ್ಧಾದಲ್ಲಿ ವಾದಿಸಿದ್ದು 1937ರಲ್ಲಿ! ನಾವಿನ್ನೂ ಥರ್ಮೋಕೋಲು ಕೊಯ್ಯುತ್ತಿದ್ದೇವೆ.

ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರೇ ಸದಸ್ಯರು. ಮುಂದಿನ ಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ: ಆರರಿಂದ ಎಂಟರವರೆಗೆ ಮಕ್ಕಳೆಷ್ಟು? ಕಲೆಯ ಬೋಧಕರು ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲನ್ನು ಪಕ್ಷದ ಕಚೇರಿಗೆ ತನ್ನಿ. ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಬರೆಯುವ ಕೆಲಸ ನನಗಿರಲಿ.