ಅಟ್ಟದಿಂದ ಇಳಿದ ಮುನ್ನೂರು ವಸ್ತುಗಳು
(ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣ)



"ಮನೆ ಖಾಲಿ ಮಾಡಿದಿರಂತೆ, ಆ ಕಥೆ ಹೇಳಿ" ಎಂದು ಸಮಿತಿಯವರು ಕೇಳಿದರು. ನಮ್ಮ ಮನೆ ಇನ್ನೂ ಖಾಲಿಯಾಗಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇವೆ.

2025ರ ಹೊಸ ವರ್ಷದ ದಿನ ನಾವೊಂದು ಸವಾಲಿಗೆ ಕೈ ಹಾಕಿದೆವು. ಅಮೆರಿಕದ ಜೋಶುವಾ ಫೀಲ್ಡ್ಸ್ ಮಿಲ್‌ಬರ್ನ್ ಮತ್ತು ರಯಾನ್ ನಿಕೊಡೆಮಸ್ ಎಂಬ ಗೆಳೆಯರು ಶುರು ಮಾಡಿದ ಆಟ ಇದು. 1ನೇ ತಾರೀಖು ಒಂದು ವಸ್ತು, 2ನೇ ತಾರೀಖು ಎರಡು, ಹೀಗೆ ತಾರೀಖಿನಷ್ಟೇ ವಸ್ತುಗಳು ಆ ದಿನ ಮಧ್ಯರಾತ್ರಿಯೊಳಗೆ ಮನೆ ಬಿಡಬೇಕು. ಜನವರಿಯ 31 ದಿನಕ್ಕೆ ಒಟ್ಟು 496! ಮಗಳು ಲೆಕ್ಕ ಹೇಳಿದಾಗ, "ಅಷ್ಟು ಸಾಮಾನು ನಮ್ಮಲ್ಲಿ ಎಲ್ಲಿದೆ?" ಎಂದೆವು.

ಅಟ್ಟ ಹತ್ತಿದ ಮೇಲೆ ಗೊತ್ತಾಯಿತು. ಯಾವ ಕುಕ್ಕರಿಗೂ ಹೊಂದದ ಗ್ಯಾಸ್ಕೆಟ್‌ಗಳು, ಮುಚ್ಚಳವಿಲ್ಲದ ಡಬ್ಬಿಗಳು, ಚಕ್ರ ಮುರಿದ ಸೂಟ್‌ಕೇಸುಗಳು. ಅರಿಶಿನ-ಕುಂಕುಮಕ್ಕೆ ಹೋದಾಗ ಬಂದ ಖಣಗಳೇ ಇಪ್ಪತ್ತಕ್ಕೂ ಹೆಚ್ಚು. ಅವುಗಳಲ್ಲಿ ಎರಡು ನಾವೇ ಕೊಟ್ಟು ಸುತ್ತಾಡಿ ಬಂದವು!

ತಪ್ಪು ಪೂರ್ತಿ ನಮ್ಮದಲ್ಲ. ಊರಿನಲ್ಲಿ ಹಳೆಯ ಸೀರೆ ಕೌದಿಯಾಗುತ್ತಿತ್ತು, ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಬರುತ್ತಿತ್ತು, ಹಳೆ ಪೇಪರಿಗೂ ಕಾಸು ಸಿಗುತ್ತಿತ್ತು. ಬೀದಿಯಲ್ಲಿ ಕೂಗುತ್ತ ಬರುವವರೇ ಮನೆ ಹಗುರ ಮಾಡುತ್ತಿದ್ದರು. ಇಲ್ಲಿ ಬ್ರಿಟನ್ನಿನಲ್ಲಿ ನಾವೇ ಹೊತ್ತುಕೊಂಡು ಚಾರಿಟಿ ಶಾಪಿಗೆ ಹೋಗಬೇಕು.

22ನೇ ತಾರೀಖು ಮೆಟ್ಟಿಲ ಕೆಳಗಿನ ಕಪಾಟು ತೆಗೆದೆವು. ಅಲ್ಲಿ ಅವ್ವನ ಕೋಟು ನೇತಾಡುತ್ತಿತ್ತು. 2016ರಲ್ಲಿ ಅವ್ವ ಧಾರವಾಡದಿಂದ ಬಂದು ಆರು ತಿಂಗಳು ಇದ್ದಾಗ ಕೊಡಿಸಿದ್ದು. ಜೇಬಿನಲ್ಲಿ ಒಂದು ಕರವಸ್ತ್ರ, ನಾಲ್ಕು ಅಡಿಕೆ ಚೂರು. ಈಗ ಅವ್ವನಿಗೆ 84. ಮೊಣಕಾಲು ನೋವಿನಿಂದ ಅಂಗಳ ದಾಟುವುದೂ ಕಷ್ಟ. ಕೋಟು ಕೊಟ್ಟುಬಿಟ್ಟರೆ, ಅವ್ವ ಇನ್ನು ಇಲ್ಲಿಗೆ ಬರುವುದಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ. ಮಾತಾಡದೆ ಕಪಾಟು ಮುಚ್ಚಿದೆವು.

24ರ ಬೆಳಿಗ್ಗೆ ಧಾರವಾಡಕ್ಕೆ ಫೋನ್ ಮಾಡಿದೆವು. "ಇರಲಿ, ಮುಂದಿನ ವರ್ಷ ಬರ್ತೀನಿ" ಎನ್ನಲಿ ಎಂದು ಒಳಗೊಳಗೇ ಕಾಯುತ್ತಿದ್ದೆವು. ಅವ್ವ ಹೇಳಿದ್ದು ಇಷ್ಟೇ: "ಅಲ್ಲೆ ಥಂಡಿ ಭಾಳ ಅಲ್ಲೇನು? ಕೊಟ್ಟಬಿಡ್ರಿ, ಯಾರರೆ ಹಾಕ್ಕೊಳ್ಳಲಿ. ನಾ ಇನ್ನ ವಿಮಾನ ಹತ್ತೂದಿಲ್ಲ. ನೀವ ಬರ್ರಿ."

ಕೋಟು ನಮ್ಮ 300ನೇ ವಸ್ತುವಾಯಿತು. ಆಟವನ್ನು ಅಲ್ಲಿಗೇ ನಿಲ್ಲಿಸಿದೆವು. ಉಳಿದ 196 ಇನ್ನೂ ಮನೆಯಲ್ಲೇ ಇವೆ. ಆ ವರ್ಷದ ದೀಪಾವಳಿಗೆ ಧಾರವಾಡಕ್ಕೆ ಹೋದೆವು. ಅಡಿಗೆಮನೆಯಲ್ಲಿ ನೋಡಿದರೆ, ವರ್ಷವರ್ಷವೂ ನಾವು ಒಯ್ದ ಚಾಕೊಲೇಟ್ ಡಬ್ಬಿಗಳು ಸಾಲಾಗಿ ನಿಂತಿವೆ, ಒಳಗೆ ಸಾಸಿವೆ, ಜೀರಿಗೆ, ಮೆಂತ್ಯ. ಅವ್ವ ಒಂದನ್ನೂ ಎಸೆದಿಲ್ಲ! ನಾವು ಯಾರ ಮಕ್ಕಳೆಂದು ಆಗ ನಗುತ್ತಲೇ ಒಪ್ಪಿಕೊಂಡೆವು.

ಬಂಧುಗಳೇ, ಕೊಡುವಾಗ ಒಗೆದು, ಮಡಚಿ ಕೊಡಿ. ನಾವು ತೊಡಲು ನಾಚುವ ಬಟ್ಟೆಯನ್ನು ದಾನ ಎನ್ನಬಾರದು. ವಿದ್ಯುತ್ ಉಪಕರಣಗಳನ್ನು ಎಲ್ಲ ಅಂಗಡಿಯವರೂ ತೆಗೆದುಕೊಳ್ಳುವುದಿಲ್ಲ, ಮೊದಲೇ ಕೇಳಿ. ಇಲ್ಲಿ ಸಾಕಷ್ಟು ತೆರಿಗೆ ಕಟ್ಟುವವರಾದರೆ ಗಿಫ್ಟ್ ಏಡ್ ಫಾರಂ ಮರೆಯದೆ ತುಂಬಿ. ದಾನದ ಪ್ರತಿ ಪೌಂಡಿಗೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಸಂಸ್ಥೆಗೆ ಸೇರುತ್ತದೆ. ಇಂದು ಸಂಜೆ ನಿಮ್ಮ ಮೇಜಿನ ಮೇಲಿರುವ ಲಕೋಟೆಗೂ ಈ ಮಾತು ಸಲ್ಲುತ್ತದೆ!

ಈ ಜನವರಿಯಲ್ಲಿ 496 ಬೇಡ, ಒಂದು ಕಪಾಟು ತೆಗೆಯಿರಿ. ಅದರಲ್ಲಿ ಊರಿನ ಹಿರಿಯರದ್ದೇನಾದರೂ ಸಿಕ್ಕರೆ, ಕೊಡುವ ಮೊದಲು ಅವರಿಗೊಂದು ಫೋನ್ ಮಾಡಿ.